ಒಮ್ಮೆ ‘ಅಲೌ’ ಒತ್ತಿದ ಮೇಲೆ

ಶನಿವಾರ ಮಧ್ಯಾಹ್ನ ಮೂಡುಬಿದಿರೆಯಲ್ಲಿ ಕ್ಲಾಸು ಮುಗಿಸಿ ಸಿದ್ದಕಟ್ಟೆ ಬಸ್ಸಿಗೆ ಕಾಯುತ್ತಿದ್ದೆ. ಗುರುವಾಯನಕೆರೆಯಿಂದ ದೊಡ್ಡಮ್ಮನ ಫೋನು ಬಂತು. "ಎಂತ ಆಗಿದೆಯೋ ಗೊತ್ತಿಲ್ಲ ಮಾರಾಯ, ಕಂಪ್ಯೂಟರು ಕೂಗ್ತಾ ಉಂಟು. ಪರದೆ ಇಡೀ ಕೆಂಪು. ಇವಳು ಹೆದರಿ ಸ್ವಿಚ್ಚೇ ತೆಗೆದಿದ್ದಾಳೆ. ಒಮ್ಮೆ ಬಂದು ನೋಡಿ ಹೋಗು." ಬಿಸಿಎ ಓದುವ ಹುಡುಗನೊಬ್ಬ ಸಂಬಂಧಿಕರಲ್ಲಿ ಇದ್ದರೆ ಅವನ ಶನಿವಾರಗಳು ಹೀಗೇ ಹೋಗುತ್ತವೆ. ಬಂಟ್ವಾಳ ಕಡೆಯ ಬಸ್ಸು ಬಿಟ್ಟು ವೇಣೂರು ದಾರಿಯ ಬಸ್ಸು ಹತ್ತಿದೆ.

‘ಇವಳು’ ಎಂದರೆ ದೊಡ್ಡಮ್ಮನ ಮಗಳು, ನನಗೆ ತಂಗಿ. ಡಿಗ್ರಿ ಮುಗಿಸಿ ಮನೆಯಲ್ಲಿದ್ದು ಸರ್ಕಾರಿ ಪರೀಕ್ಷೆಗಳಿಗೆ ಓದುತ್ತಿದ್ದಾಳೆ. ಕೊರೊನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆಂದು ಕೊಂಡ ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನಲ್ಲೇ ಅರ್ಜಿ ತುಂಬುವುದು, ಹಳೆಯ ಪ್ರಶ್ನೆಪತ್ರಿಕೆ ಹುಡುಕುವುದು. ಅವತ್ತು ತುಂಬುತ್ತಿದ್ದ ಅರ್ಜಿಗೆ ಸೋಮವಾರ ಕೊನೆಯ ದಿನ. ಸ್ವಿಚ್ ಹಾಕಿ ನೋಡಿದರೆ ಎರಡು ನಿಮಿಷದಲ್ಲಿ ಮತ್ತೆ ಅದೇ: ‘ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಪತ್ತೆಯಾಗಿದೆ, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಇಂಗ್ಲಿಷ್ ಎಚ್ಚರಿಕೆ, ಪೂರ್ತಿ ಪರದೆ, ಜೊತೆಗೆ ಆ್ಯಂಬುಲೆನ್ಸ್‌ನಂಥ ಸದ್ದು. ಅಡ್ಡಗುಣಿತದ ಗುರುತು ಎಲ್ಲೂ ಇಲ್ಲ. ಹೆದರದೆ ಇರುವುದಾದರೂ ಹೇಗೆ?

ಆ ಪುಟ ವೈರಸ್ ಅಲ್ಲ, ಬರೀ ಜಾಹೀರಾತು. ಎಸ್ಕೇಪ್ ಕೀಲಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಪೂರ್ತಿ ಪರದೆ ಬಿಟ್ಟು ಚಿಕ್ಕದಾಗುತ್ತದೆ. ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರನ್ನು ಮುಚ್ಚಬಹುದು. ಮತ್ತೆ ತೆರೆದಾಗ ‘ಹಳೆಯ ಪುಟಗಳನ್ನು ತರಲೇ?’ ಎಂದು ಕೇಳಿದರೆ ಬೇಡ ಎನ್ನಬೇಕು, ಅಷ್ಟೆ. ಆದರೆ ಅದು ಎಲ್ಲಿಂದ ಬಂತು ಎಂಬುದು ನೋಡಬೇಕಾದ ವಿಷಯ. ಪ್ರಶ್ನೆಪತ್ರಿಕೆಯ ಪಿಡಿಎಫ್ ಇದೆ ಎನ್ನುವ ಒಂದು ತಾಣ ‘ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೌ ಒತ್ತಿ’ ಎಂದಿತ್ತಂತೆ. ತಂಗಿ ಒತ್ತಿದಳು. ಅದು ಕೇಳಿದ್ದು ನೋಟಿಫಿಕೇಶನ್ ಕಳಿಸಲು ಅನುಮತಿ. ಅಲ್ಲಿಂದ ಮುಂದೆ ಆ ತಾಣ ಮುಚ್ಚಿದ್ದರೂ ಮೂಲೆಯಲ್ಲಿ ಹೆದರಿಸುವ ಚೀಟಿಗಳು ಬೀಳುತ್ತಲೇ ಇದ್ದವು. ಅದರಲ್ಲೊಂದನ್ನು ಒತ್ತಿದಾಗ ಈ ಕೆಂಪು ಪುಟ ತೆರೆದುಕೊಂಡಿತ್ತು.

ಕಳೆದ ಒಂದೆರಡು ವರ್ಷಗಳಲ್ಲಿ ಬಂಟ್ವಾಳ, ಬೆಳ್ತಂಗಡಿ ಕಡೆಯ ನೆಂಟರ ಮನೆಗಳಲ್ಲಿ, ಮೂಡುಬಿದಿರೆಯ ಗೆಳೆಯರ ರೂಮುಗಳಲ್ಲಿ ಇಂಥ ಏಳೆಂಟು ಕಂಪ್ಯೂಟರ್ ನೋಡಿದ್ದೇನೆ. ಸ್ಪೈವೇರ್ ಎಂದಾಕ್ಷಣ ನಮಗೆ ನೆನಪಾಗುವುದು ಪೆಗಾಸಸ್. ಸುಪ್ರೀಂ ಕೋರ್ಟ್ ನಮ್ಮ ರಾಜ್ಯದವರೇ ಆದ ನಿವೃತ್ತ ನ್ಯಾಯಮೂರ್ತಿ ಆರ್.ವಿ.ರವೀಂದ್ರನ್ ಅವರ ಉಸ್ತುವಾರಿಯಲ್ಲಿ ಸಮಿತಿ ಮಾಡಿತ್ತು. ಪರಿಶೀಲಿಸಿದ 29 ಫೋನುಗಳ ಪೈಕಿ 5ರಲ್ಲಿ ದುರುದ್ದೇಶದ ತಂತ್ರಾಂಶ ಇತ್ತು, ಆದರೆ ಅದು ಪೆಗಾಸಸ್ ಎಂದು ಖಚಿತವಾಗಿಲ್ಲ ಎಂದು 2022ರಲ್ಲಿ ಹೊರಬಂತು. ಅದು ದೊಡ್ಡವರ ಲೋಕ. ಅಡಿಕೆ ತೋಟದ ನಡುವಿನ ಮನೆಯ ಕಂಪ್ಯೂಟರಿಗೆ ಯಾರೂ ಕೋಟಿಗಟ್ಟಲೆ ಸುರಿದು ಕನ್ನ ಹಾಕುವುದಿಲ್ಲ. ನಾನು ನೋಡಿದ ಎಲ್ಲ ಕಡೆಯೂ ಬಾಗಿಲು ತೆರೆದದ್ದು ಮನೆಯವರೇ, ಅದೂ ಏನೋ ಒಂದು ತುರ್ತಿನಲ್ಲಿ. ಒಬ್ಬನಿಗೆ ಅಸೈನ್‌ಮೆಂಟಿಗೆ ಆಫೀಸ್ ಬೇಕಿತ್ತು, ಇನ್ನೊಬ್ಬಳಿಗೆ ಕನ್ನಡ ಟೈಪಿಂಗ್ ಬೇಕಿತ್ತು, ಮತ್ತೊಬ್ಬರಿಗೆ ಫೋಟೊವನ್ನು 50 ಕೆಬಿಗೆ ಇಳಿಸಬೇಕಿತ್ತು. ಕೆಲಸ ಹುಡುಕುವವರ ಈ ಸಣ್ಣ ಸಣ್ಣ ಅಗತ್ಯಗಳ ಸುತ್ತ ಒಂದು ವ್ಯಾಪಾರವೇ ಬೆಳೆದಿದೆ.

ಆ ವ್ಯಾಪಾರ ಎಷ್ಟು ದೊಡ್ಡದೆಂದು ತಿಳಿಯಲು ಒಂದು ಹಳೆಯ ಪ್ರಕರಣ ಸಾಕು. 2017ರ ಜೂನ್‌ನಲ್ಲಿ ಚೆಕ್ ಪಾಯಿಂಟ್ ಎಂಬ ಭದ್ರತಾ ಸಂಸ್ಥೆ ‘ಫೈರ್‌ಬಾಲ್’ ಎಂಬ ಆ್ಯಡ್‌ವೇರ್ ಬಗ್ಗೆ ವರದಿ ಕೊಟ್ಟಿತು. ಬೀಜಿಂಗ್‌ನ ಒಂದು ಮಾರ್ಕೆಟಿಂಗ್ ಕಂಪನಿ ಉಚಿತ ತಂತ್ರಾಂಶಗಳ ಜೊತೆ ಕಟ್ಟಿ ಅದನ್ನು ಹಂಚುತ್ತಿತ್ತು. ಬ್ರೌಸರಿನ ಮುಖಪುಟ ಮತ್ತು ಸರ್ಚ್ ಎಂಜಿನ್ ಬದಲಿಸಿ ಜಾಹೀರಾತಿನಿಂದ ಹಣ ಮಾಡುವುದು ಅದರ ಕೆಲಸ. ಬೇಕೆಂದರೆ ಇನ್ನೇನನ್ನಾದರೂ ತಂದು ಓಡಿಸುವ ಶಕ್ತಿಯೂ ಅದಕ್ಕಿತ್ತು. ಜಗತ್ತಿನ 25 ಕೋಟಿ ಕಂಪ್ಯೂಟರ್‌ಗಳಿಗೆ, ಅದರಲ್ಲಿ ಭಾರತದ್ದೇ 2.53 ಕೋಟಿಗೆ ಇದು ತಗುಲಿದೆ ಎಂದು ಆ ಸಂಸ್ಥೆ ಅಂದಾಜಿಸಿತ್ತು. ಪಟ್ಟಿಯಲ್ಲಿ ನಮ್ಮ ದೇಶವೇ ಮೊದಲು. ಲೆಕ್ಕ ಹೆಚ್ಚಾಯಿತು ಎಂದು ಮೈಕ್ರೋಸಾಫ್ಟ್ ಆಗ ತಕರಾರು ತೆಗೆದದ್ದೂ ಉಂಟು. ಅಂದಾಜು ಅರ್ಧಕ್ಕೆ ಇಳಿದರೂ ಸಣ್ಣ ಸಂಖ್ಯೆ ಅಲ್ಲ.

ಇನ್ನು ಕೆಂಪು ಪುಟದಲ್ಲಿದ್ದ ಆ ಫೋನ್ ನಂಬರ್. ಅದರ ಇನ್ನೊಂದು ತುದಿಯಲ್ಲಿ ಕೂತಿರುವವರು ಯಾರು? 2023ರ ಅಕ್ಟೋಬರ್‌ನಲ್ಲಿ ಸಿಬಿಐ ‘ಆಪರೇಷನ್ ಚಕ್ರ-2’ ಎಂಬ ಹೆಸರಿನಲ್ಲಿ ದೇಶದ 76 ಕಡೆ ಶೋಧ ನಡೆಸಿತು. ಕರ್ನಾಟಕವೂ ಆ ಪಟ್ಟಿಯಲ್ಲಿತ್ತು. ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕೊಟ್ಟ ದೂರಿನ ಪ್ರಕರಣಗಳೂ ಅದರಲ್ಲಿದ್ದವು. ಆ ಕಂಪನಿಗಳ ಸಹಾಯ ಕೇಂದ್ರ ತಾವೇ ಎಂದು ನಂಬಿಸಿ, ಇಂಥ ಪಾಪ್‌ಅಪ್ ನೋಡಿ ಹೆದರಿದ ಹೊರದೇಶದವರಿಂದ ಹಣ ಕೀಳುತ್ತಿದ್ದ ಕಾಲ್ ಸೆಂಟರ್‌ಗಳವು. ಈ ಪುಟ ಓದುವವರಲ್ಲಿ ಹಲವರು ನನ್ನಂತೆ ಕೆಲಸದ ಜಾಹೀರಾತು ನೋಡುವವರು, ಆದ್ದರಿಂದ ಹೇಳುತ್ತೇನೆ. ‘ಅನುಭವ ಬೇಡ, ಇಂಗ್ಲಿಷ್ ಬಂದರೆ ಸಾಕು, ರಾತ್ರಿ ಪಾಳಿ, ಟೆಕ್ ಸಪೋರ್ಟ್’ ಎಂದು ಬರುವ ಎಲ್ಲ ಜಾಹೀರಾತುಗಳೂ ಮೋಸದವಲ್ಲ. ಆದರೆ ಕೇಳಿದ ಸಂಬಳ ಕೊಡುತ್ತೇವೆಂದು, ಕಂಪನಿಯ ಹೆಸರು ಮಾತ್ರ ಆಮೇಲೆ ಹೇಳುತ್ತೇವೆಂದರೆ, ಯಾರ ಕಂಪ್ಯೂಟರನ್ನು ಸರಿ ಮಾಡುವ ಕೆಲಸ ಅದು ಎಂದು ಕೇಳಿಕೊಂಡೇ ಹೋಗಬೇಕು. ದಾಳಿಯ ದಿನ ಸೀಟಿನಲ್ಲಿ ಕೂತಿರುವವರು ನಮ್ಮ ವಯಸ್ಸಿನವರೇ.

ನಾನೇನೂ ಹುಟ್ಟಿನಿಂದ ಜಾಣನಲ್ಲ. ಪಿಯುಸಿಯಲ್ಲಿದ್ದಾಗ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಗೂಗಲ್ ತೆರೆದರೆ ಬೇರೇನೋ ಸರ್ಚ್ ಪುಟ ಬರುತ್ತಿತ್ತು. ತೆಗೆಯುವುದು ಹೇಗೆಂದು ಅದರಲ್ಲೇ ಹುಡುಕಿದೆ. ಮೊದಲು ಬಂದದ್ದು ಒಂದು ಉಚಿತ ‘ಕ್ಲೀನರ್’. ಹಾಕಿದೆ. ಸಾವಿರಕ್ಕೂ ಮಿಕ್ಕಿ ದೋಷಗಳಿವೆ ಎಂದು ತೋರಿಸಿ, ಸರಿಪಡಿಸಲು ದುಡ್ಡು ಕೇಳಿತು. ಕೊಡಲಿಲ್ಲ, ದಿನಕ್ಕೆ ಹತ್ತು ಸಲ ಪೀಡಿಸತೊಡಗಿತು. ಕಳ್ಳನ ಬಳಿಯೇ ಕಳ್ಳನ ದೂರು ಕೊಟ್ಟ ಹಾಗಾಗಿತ್ತು ನನ್ನ ಕತೆ. ಕೊನೆಗೆ ಅಪ್ಪ ಸ್ಕೂಟರಿನ ಮುಂದೆ ಸಿಪಿಯು ಇಟ್ಟುಕೊಂಡು ಪೇಟೆಯ ಒಂದು ಅಂಗಡಿಗೆ ಕೊಟ್ಟು ಬಂದರು. ಸಂಜೆಗೆ ‘ಫಾರ್ಮ್ಯಾಟ್ ಹೊಡೆದಿದ್ದೇವೆ, ಈಗ ಹೊಸದರ ಹಾಗೆ’ ಎಂದರು. ಹೊಸದರ ಹಾಗೆಯೇ ಇತ್ತು. ಅಮ್ಮ ನಾಲ್ಕು ವರ್ಷದಿಂದ ಬರೆದಿಟ್ಟಿದ್ದ ಸ್ವಸಹಾಯ ಸಂಘದ ಲೆಕ್ಕ, ಅಕ್ಕನ ಅಂಕಪಟ್ಟಿಗಳ ಸ್ಕ್ಯಾನ್, ಅಜ್ಜ ಇದ್ದಾಗಿನ ಕೊನೆಯ ಭೂತಕೋಲದ ಫೋಟೊಗಳು, ಯಾವುದೂ ಇರಲಿಲ್ಲ. ಅಂಗಡಿಯವರು ಕೇಳಲಿಲ್ಲ, ನಾವು ಹೇಳಲಿಲ್ಲ. ಅಂಕಪಟ್ಟಿ ಮತ್ತೆ ಸ್ಕ್ಯಾನ್ ಆಯಿತು. ಅಮ್ಮ ಸಂಘದ ಹಳೆಯ ರಸೀದಿಗಳನ್ನು ಗುಡ್ಡೆ ಹಾಕಿಕೊಂಡು ಮೂರು ವಾರ ಕೂತರು.

ಹಾಗಾಗಿ ಈಗ ಎಲ್ಲಿಗೆ ಹೋದರೂ ನನ್ನ ಮೊದಲ ಕೆಲಸ ಇಂಟರ್‌ನೆಟ್ ತೆಗೆಯುವುದು, ಎರಡನೆಯದು ಪೆನ್‌ಡ್ರೈವ್ ಹಾಕುವುದು. ನೆಟ್ ಇಲ್ಲದಿದ್ದರೆ ಒಳಗಿರುವುದು ಹೊರಗಿನವರಿಗೆ ಏನನ್ನೂ ಕಳಿಸಲಾರದು. ನಂತರ ಫೋಟೊ, ಪಿಡಿಎಫ್, ಎಕ್ಸೆಲ್, ವರ್ಡ್ ಕಡತಗಳನ್ನಷ್ಟೇ ಪ್ರತಿ ಮಾಡಿಕೊಳ್ಳುತ್ತೇನೆ. ಸೆಟಪ್ ಕಡತಗಳನ್ನು ಮುಟ್ಟುವುದಿಲ್ಲ, ರೋಗ ಅಲ್ಲೇ ಇರಬಹುದು. ಆ ಪೆನ್‌ಡ್ರೈವನ್ನು ಬೇರೆ ಯಾವುದಕ್ಕೂ ಹಾಕುವ ಮೊದಲು ಸ್ಕ್ಯಾನ್ ಮಾಡಬೇಕು.

ಆಮೇಲೆ ಬ್ರೌಸರ್. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅಲ್ಲಿ ನೋಟಿಫಿಕೇಶನ್ಸ್. ತಂಗಿಯ ಕಂಪ್ಯೂಟರಿನಲ್ಲಿ ಅನುಮತಿ ಪಡೆದ ತಾಣಗಳ ಪಟ್ಟಿ ಎರಡು ಪರದೆ ಉದ್ದವಿತ್ತು. ಎಲ್ಲ ತೆಗೆದೆವು, ಮುಕ್ಕಾಲು ತೊಂದರೆ ಅಲ್ಲಿಗೇ ನಿಂತಿತು. ಮುಂದಿನದು ಎಕ್ಸ್‌ಟೆನ್ಶನ್‌ಗಳು. ಇವುಗಳ ಬಗ್ಗೆ ನನಗೆ ಹೆಚ್ಚು ಭಯ, ಏಕೆಂದರೆ ಒಳ್ಳೆಯದಾಗಿದ್ದದ್ದೇ ಕೆಡಬಹುದು. ‘ದಿ ಗ್ರೇಟ್ ಸಸ್ಪೆಂಡರ್’ ಎಂಬ ಎಕ್ಸ್‌ಟೆನ್ಶನನ್ನು 20 ಲಕ್ಷಕ್ಕೂ ಹೆಚ್ಚು ಜನ ನಂಬಿ ಬಳಸುತ್ತಿದ್ದರು. 2020ರಲ್ಲಿ ಅದನ್ನು ಮಾಡಿದವರು ಬೇರೆಯವರಿಗೆ ಮಾರಿದರು. ಹೊಸ ಒಡೆಯರ ಕೈಯಲ್ಲಿ ಅದು ಅಪಾಯಕಾರಿಯಾಗಿ, 2021ರ ಫೆಬ್ರುವರಿಯಲ್ಲಿ ಗೂಗಲ್ ಅದನ್ನು ಕಿತ್ತುಹಾಕಿತು. ಹಾಕಿಕೊಂಡವರಿಗೆ ಒಡೆಯ ಬದಲಾದದ್ದೇ ಗೊತ್ತಿರಲಿಲ್ಲ. ನಿಮ್ಮ ಬ್ರೌಸರಿನಲ್ಲಿ ಏನೇನಿದೆ ಎಂದು ಇವತ್ತು ಒಮ್ಮೆ ತೆರೆದು ನೋಡಿ. ಯಾವುದು ಯಾಕಿದೆ ಎಂದು ಹೇಳಲಾಗದಿದ್ದರೆ ತೆಗೆದುಬಿಡಿ. ಇನ್ನೊಂದು ಸಂಗತಿ: ಮನೆಯ ಕಂಪ್ಯೂಟರಿನ ಕ್ರೋಮ್ ಮೆನುವಿನಲ್ಲಿ ‘ನಿಮ್ಮ ಸಂಸ್ಥೆ ಈ ಬ್ರೌಸರನ್ನು ನಿರ್ವಹಿಸುತ್ತಿದೆ’ ಎಂಬರ್ಥದ ಸಾಲು ಕಂಡರೆ ಅನುಮಾನಿಸಿ. ಕೆಲವು ಆ್ಯಂಟಿವೈರಸ್‌ಗಳಿಂದಲೂ ಹಾಗೆ ಬರುವುದುಂಟು, ಆದರೆ ತೆಗೆದಷ್ಟೂ ಮರಳಿ ಬರುವ ಆ್ಯಡ್‌ವೇರ್ ಸಾಮಾನ್ಯವಾಗಿ ಅಲ್ಲೇ ಬೇರು ಬಿಟ್ಟಿರುತ್ತದೆ.

ಇನ್‌ಸ್ಟಾಲ್ ಆದ ಪ್ರೋಗ್ರಾಂಗಳ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿದರೆ ತೊಂದರೆ ಶುರುವಾದ ದಿನ ಏನು ಒಳಬಂತೆಂದು ಕಾಣುತ್ತದೆ. ಹೆಸರು ಗೊತ್ತಿಲ್ಲವೆಂದು ಎಲ್ಲವನ್ನೂ ಅಳಿಸಬಾರದು. ಒಬ್ಬ ಗೆಳೆಯ ಹೀಗೆ ಉತ್ಸಾಹದಲ್ಲಿ ಆಡಿಯೊ ಡ್ರೈವರ್ ಅಳಿಸಿ ಒಂದು ವಾರ ಮೂಕ ಸಿನಿಮಾ ನೋಡಿದ.

ಇಷ್ಟಾದ ಮೇಲೆ ಸ್ಕ್ಯಾನ್. ಅದಕ್ಕೆ ಏನನ್ನೂ ಕೊಳ್ಳಬೇಕಿಲ್ಲ, ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಈಗ ಸಾಕಷ್ಟು ಚೆನ್ನಾಗಿದೆ. ನೆಟ್ ಹಾಕಿ ಅದನ್ನು ಅಪ್‌ಡೇಟ್ ಮಾಡಿ, ಪೂರ್ತಿ ಸ್ಕ್ಯಾನ್ ಕೊಟ್ಟು, ಕೊನೆಗೆ ‘ಆಫ್‌ಲೈನ್ ಸ್ಕ್ಯಾನ್’ ಮಾಡಬೇಕು. ಇದರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮುನ್ನವೇ ಹುಡುಕಾಟ ನಡೆಯುತ್ತದೆ. ಹಾಗಾಗಿ ವಿಂಡೋಸ್ ಜೊತೆ ಎದ್ದು ಅಡಗಿಕೊಳ್ಳುವಂಥವು ಸಿಕ್ಕಿಬೀಳುತ್ತವೆ. ಬೇಡದ ಆ್ಯಪ್‌ಗಳನ್ನು ತಡೆಯುವ ಒಂದು ಸ್ವಿಚ್ ವಿಂಡೋಸ್ ಸೆಕ್ಯುರಿಟಿಯ ‘ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್’ ಒಳಗಿದೆ. ಅದು ಆನ್ ಇದೆಯೇ ನೋಡಿ, ಆ್ಯಡ್‌ವೇರ್ ಬಹುಪಾಲು ಸಿಗುವುದು ಅದಕ್ಕೇ. ಎರಡನೆಯ ಅಭಿಪ್ರಾಯ ಬೇಕೆಂದರೆ ಮಾಲ್‌ವೇರ್‌ಬೈಟ್ಸ್ ಕಂಪನಿಯ ‘ಆ್ಯಡ್‌ಡಬ್ಲ್ಯುಕ್ಲೀನರ್’ ಉಚಿತ, ಅದನ್ನು ಆ ಕಂಪನಿಯ ತಾಣದಿಂದಲೇ ಇಳಿಸಿಕೊಳ್ಳಬೇಕು. ನಮ್ಮ ಸರ್ಕಾರದ್ದೂ ಒಂದುಂಟು. ಸರ್ಟ್-ಇನ್ ಸಂಸ್ಥೆ ನಡೆಸುವ ‘ಸೈಬರ್ ಸ್ವಚ್ಛತಾ ಕೇಂದ್ರ’ 2017ರ ಫೆಬ್ರುವರಿಯಿಂದ ಇದೆ, ಕಂಪ್ಯೂಟರ್ ಶುಚಿ ಮಾಡುವ ಉಚಿತ ಸಾಧನಗಳನ್ನು ಕೊಡುತ್ತದೆ. ಸಿಎಸ್‌ಕೆ ಎಂದರೆ ನಮ್ಮ ಹುಡುಗರಿಗೆ ಧೋನಿಯ ತಂಡ ಗೊತ್ತು, ಈ ಸಿಎಸ್‌ಕೆ ಗೊತ್ತಿಲ್ಲ. ನನ್ನ ತರಗತಿಯಲ್ಲಿ ಕೇಳಿದಾಗ ಒಬ್ಬರೂ ಹೆಸರು ಕೇಳಿರಲಿಲ್ಲ. ಪ್ರತಿ ಸೇವೆಗೂ ಆಧಾರ್ ಕೇಳುವ ಸರ್ಕಾರ ಇದನ್ನು ಕಾಲೇಜುಗಳಿಗೆ ತಿಳಿಸಲು ಅಷ್ಟು ಶ್ರಮ ಪಟ್ಟಂತಿಲ್ಲ.

ದೊಡ್ಡಮ್ಮನ ಮನೆಯಲ್ಲಿ ಪೂರ್ತಿ ಸ್ಕ್ಯಾನ್ ನಡೆಯುತ್ತಿದ್ದಾಗ ಒಮ್ಮೆ ಕರೆಂಟು ಹೋಯಿತು. ಮತ್ತೆ ಮೊದಲಿನಿಂದ. ಕೊನೆಗೆ ಡಿಫೆಂಡರ್ ಹಿಡಿದದ್ದು ‘ಹ್ಯಾಕ್‌ಟೂಲ್, ಆಟೋಕೆಎಂಎಸ್’ ಎಂಬುದನ್ನು. ಅಂದರೆ ದುಡ್ಡು ಕೊಡದೆ ಆಫೀಸ್ ಚಾಲೂ ಮಾಡುವ ಕ್ರ್ಯಾಕ್. ಹಾಕಿದ್ದು ತಂಗಿಯಲ್ಲ, ಕಂಪ್ಯೂಟರ್ ಮಾರಿದವರೇ ‘ಎಲ್ಲ ಹಾಕಿ ಕೊಟ್ಟಿದ್ದೇವೆ’ ಎಂದಿದ್ದರಂತೆ. ಅದಕ್ಕಿಂತ ನನ್ನನ್ನು ಬೆಚ್ಚಿಸಿದ್ದು ಡಿಫೆಂಡರಿನ ‘ಎಕ್ಸ್‌ಕ್ಲೂಷನ್ಸ್’ ಪಟ್ಟಿ, ಅಂದರೆ ಇಲ್ಲಿ ಹುಡುಕಬೇಡ ಎಂದು ಬಿಟ್ಟಿರುವ ಜಾಗಗಳ ಪಟ್ಟಿ. ಅದರಲ್ಲಿ ಇಡೀ ಡೌನ್‌ಲೋಡ್ಸ್ ಫೋಲ್ಡರ್ ಇತ್ತು. ಕ್ರ್ಯಾಕ್ ಹಾಕುವಾಗ ಅಡ್ಡಿಯಾಗದಿರಲೆಂದು ಯಾರೋ ಸೇರಿಸಿ ಮರೆತಿದ್ದರು. ಐದು ವರ್ಷ ಕಾವಲುಗಾರ ಇದ್ದ, ಹೆಬ್ಬಾಗಿಲಿನ ಕಡೆ ಮಾತ್ರ ನೋಡಬಾರದೆಂದು ಅವನಿಗೆ ಆಜ್ಞೆಯಾಗಿತ್ತು.

ಇಲ್ಲಿಂದ ಮುಂದೆ ವಿಷಯ ಜಾಹೀರಾತಿನ ಕಿರಿಕಿರಿಯಾಗಿ ಉಳಿಯುವುದಿಲ್ಲ. ಇಂಥ ಕ್ರ್ಯಾಕ್‌ಗಳ ಬೆನ್ನೇರಿ ಬರುವ ಸ್ಪೈವೇರ್‌ಗಳಲ್ಲಿ ಈಚೆಗೆ ಹೆಚ್ಚು ಸದ್ದು ಮಾಡಿದ್ದು ಲುಮ್ಮಾ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್, ಕುಕ್ಕಿಗಳನ್ನು ಒಟ್ಟಿಗೆ ಬಾಚಿಕೊಂಡು ಹೋಗುವುದು ಅದರ ರೀತಿ. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಮತ್ತು ಹಲವು ದೇಶಗಳ ತನಿಖಾ ಸಂಸ್ಥೆಗಳು ಸೇರಿ ಅದರ ಸುಮಾರು 2,300 ಜಾಲತಾಣ ವಿಳಾಸಗಳನ್ನು ಕಿತ್ತುಕೊಂಡವು. ಅದಕ್ಕೆ ಹಿಂದಿನ ಎರಡು ತಿಂಗಳಲ್ಲೇ ಸುಮಾರು 3.94 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳಿಗೆ ಅದು ತಗುಲಿತ್ತು. ಅದು ಹಬ್ಬಿದ ಒಂದು ದಾರಿ ನಕಲಿ ಕ್ಯಾಪ್ಚಾ: ‘ನೀವು ಮನುಷ್ಯರೆಂದು ತೋರಿಸಲು ವಿಂಡೋಸ್ ಮತ್ತು ಆರ್ ಕೀಲಿ ಒತ್ತಿ, ಆಮೇಲೆ ಕಂಟ್ರೋಲ್ ವಿ, ಆಮೇಲೆ ಎಂಟರ್’. ಹೀಗೆ ಮಾಡಿದರೆ ಅವರ ಆದೇಶವನ್ನು ನಮ್ಮ ಕೈಯಿಂದಲೇ ಓಡಿಸಿದ ಹಾಗೆ. ಯಾವ ಸಾಚಾ ತಾಣವೂ ಇದನ್ನು ಕೇಳುವುದಿಲ್ಲ.

ಕುಕ್ಕಿ ಕದ್ದವನಿಗೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. ನೀವು ಲಾಗಿನ್ ಆಗಿಯೇ ಇದ್ದೀರಿ ಎಂದು ತಾಣ ನಂಬುತ್ತದೆ. ಹಾಗಾಗಿ ಕ್ರ್ಯಾಕ್ ಅಥವಾ ಸ್ಪೈವೇರ್ ಸಿಕ್ಕ ಕಂಪ್ಯೂಟರನ್ನು ತೊಳೆದರೆ ಸಾಲದು. ಬೇರೆ ಶುಚಿಯಾದ ಸಾಧನದಿಂದ, ಅಂದರೆ ಹೆಚ್ಚಾಗಿ ಫೋನಿನಿಂದ, ಮೊದಲು ಇಮೇಲ್‌ನ, ಆಮೇಲೆ ಬ್ಯಾಂಕಿನ, ಡಿಜಿಲಾಕರ್‌ನ, ಅರ್ಜಿ ತಾಣಗಳ ಪಾಸ್‌ವರ್ಡ್ ಬದಲಿಸಬೇಕು. ‘ಎಲ್ಲ ಸಾಧನಗಳಿಂದ ಸೈನ್ ಔಟ್’ ಕೊಡಬೇಕು. ಸೋಂಕಿದ ಕಂಪ್ಯೂಟರಿನಲ್ಲೇ ಕೂತು ಹೊಸ ಪಾಸ್‌ವರ್ಡ್ ಹೊಡೆದರೆ ಅದನ್ನೂ ಅವರಿಗೆ ಬರೆದುಕೊಟ್ಟ ಹಾಗಾಯಿತು. ತಂಗಿಯ ಕ್ರೋಮ್‌ನಲ್ಲಿ ದೊಡ್ಡಪ್ಪನ ಬ್ಯಾಂಕಿನದ್ದೂ ಸೇರಿ ಮನೆಯವರೆಲ್ಲರ ಪಾಸ್‌ವರ್ಡ್‌ಗಳಿದ್ದವು. ಎರಡು ಗಂಟೆ ಹಿಡಿಯಿತು. ದುಡ್ಡು ಹೋಗಿರಲಿಲ್ಲ. ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕಿತ್ತು. ಕ್ರ್ಯಾಕ್‌ನ ಮೇಲಿನ ವಿಂಡೋಸನ್ನು ನಾನು ಪೂರ್ತಿ ನಂಬುವುದೂ ಇಲ್ಲ. ಕಡತಗಳು ಭದ್ರವಾಗಿದ್ದರೆ ಅಂಥಲ್ಲಿ ಫಾರ್ಮ್ಯಾಟ್ ಮಾಡುವುದೇ ಸರಿ. ಅದಕ್ಕಾಗಿ ಮುಂದಿನ ಭಾನುವಾರ ಬರುತ್ತೇನೆಂದು ಹೇಳಿದೆ.

ಇದರಲ್ಲಿ ನಮ್ಮ ತಪ್ಪೆಷ್ಟು? ‘ನೋಡಿ ಒತ್ತಬೇಕಿತ್ತು’ ಎನ್ನುವುದು ಸುಲಭ. ಒಂದು ಉದಾಹರಣೆ ನೋಡಿ. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಉಚಿತ. ಆದರೆ ‘ನುಡಿ ಡೌನ್‌ಲೋಡ್’ ಎಂದು ಹುಡುಕಿದರೆ ಪರಿಷತ್ತಿನ ತಾಣದ ಜೊತೆಗೆ ಯಾರದ್ದೋ ಡೌನ್‌ಲೋಡ್ ಅಂಗಡಿಗಳೂ ಸಾಲುಗಟ್ಟುತ್ತವೆ. ಅಂಥ ಪುಟಗಳಲ್ಲಿ ಡೌನ್‌ಲೋಡ್ ಎಂಬ ಹಸಿರು ಗುಂಡಿ ನಾಲ್ಕಿದ್ದರೆ ಮೂರು ಜಾಹೀರಾತು. ಟೈಪಿಂಗ್ ಕಲಿಯಲು ಹೊರಟ ಹುಡುಗಿ ಒತ್ತಿದ್ದು ಯಾವುದನ್ನೋ. ಯೂನಿಕೋಡ್ ಸಾಕೆನ್ನುವವರಿಗೆ ವಿಂಡೋಸ್ 10ರಿಂದಲೇ ಕನ್ನಡ ಫೊನೆಟಿಕ್ ಕೀಲಿಮಣೆ ಒಳಗೇ ಇದೆ, ಏನನ್ನೂ ಇಳಿಸಬೇಕಿಲ್ಲ. ಇದನ್ನು ಟೈಪಿಂಗ್ ಕ್ಲಾಸುಗಳಲ್ಲಿ ಯಾಕೆ ಹೇಳುವುದಿಲ್ಲವೋ. ಸರ್ಕಾರಿ ನೇಮಕಾತಿಗಳದ್ದೂ ಇದೇ ಪಾಡು. ಅಧಿಸೂಚನೆ, ಪ್ರಶ್ನೆಪತ್ರಿಕೆ, ಕೀ ಉತ್ತರ ಅಧಿಕೃತ ತಾಣದಲ್ಲಿ ಸುಲಭವಾಗಿ ಸಿಗದಿದ್ದಾಗ ಹುಡುಗರು ಎಲ್ಲೆಲ್ಲಿಗೋ ಹೋಗುತ್ತಾರೆ. ವಿಳಾಸ ಗವ್ ಡಾಟ್ ಇನ್ ಅಥವಾ ನಿಕ್ ಡಾಟ್ ಇನ್ ಎಂದು ಮುಗಿಯುತ್ತದೆಯೇ ಎಂದು ನೋಡುವ ಅಭ್ಯಾಸ ನಮಗೆ ಬೇಕು, ನಿಜ. ಆ ವಿಳಾಸದಲ್ಲಿ ಬೇಕಾದ್ದು ಸಿಗುವಂತಿರಬೇಕು ಎಂಬುದೂ ಅಷ್ಟೇ ನಿಜ.

ಕಾನೂನಿಲ್ಲದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಸೆಕ್ಷನ್ ಪ್ರಕಾರ ಒಡೆಯನ ಅನುಮತಿಯಿಲ್ಲದೆ ಕಂಪ್ಯೂಟರಿಗೆ ವೈರಸ್ಸನ್ನೋ ಹಾನಿಕಾರಕ ಪ್ರೋಗ್ರಾಮನ್ನೋ ಸೇರಿಸುವುದು ತಪ್ಪು. ಮೋಸದ ಉದ್ದೇಶವಿದ್ದರೆ 66ನೇ ಸೆಕ್ಷನ್ ಅಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಆದರೆ ಆ್ಯಡ್‌ವೇರ್‌ನವರು ನಿಂತಿರುವುದೇ ‘ಅನುಮತಿ’ ಎಂಬ ಪದದ ಮೇಲೆ. ನೀವೇ ನೆಕ್ಸ್ಟ್ ಒತ್ತಿದಿರಲ್ಲ ಎನ್ನುತ್ತಾರೆ. ಮೊದಲೇ ಟಿಕ್ ಹಾಕಿಟ್ಟ ಚೌಕ ಬಿಡಿಸಲು ಮರೆತದ್ದು ಅನುಮತಿಯೇ? 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದಕ್ಕೆ ಉತ್ತರ ಕೊಡುವಂತೆ ಕಾಣುತ್ತದೆ. ಒಪ್ಪಿಗೆ ಮುಕ್ತವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಯಾವುದಕ್ಕೆಂದು ಸ್ಪಷ್ಟವಾಗಿರಬೇಕು ಎನ್ನುತ್ತದೆ ಅದು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಭಾಗಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶವಿದೆ. ಮಾಡುವವರು ಹೊರದೇಶದಲ್ಲಿ ಕೂತಿರುವಾಗ ಅದು ಎಷ್ಟು ನಡೆದೀತು ಎಂಬ ಅನುಮಾನ ನನಗಿದೆ. ಪಾಪ್‌ಅಪ್ ಬಂತೆಂದು ಠಾಣೆಗೆ ಹೋಗಿ ದೂರು ಕೊಡುವವರೂ ಇಲ್ಲ. ದುಡ್ಡು ಹೋದರೆ ಮಾತ್ರ ನಮಗದು ಅಪರಾಧ.

ಆಫೀಸ್ ತೆಗೆದದ್ದರಿಂದ ದೊಡ್ಡಮ್ಮನ ಅಡಿಕೆ ಲೆಕ್ಕದ ಎಕ್ಸೆಲ್ ತೆರೆಯಲಿಲ್ಲ. ಲಿಬ್ರೆಆಫೀಸ್ ಹಾಕಿಕೊಟ್ಟೆ. "ಇದಕ್ಕೆ ಎಷ್ಟು?" ಎಂದರು. ದುಡ್ಡಿಲ್ಲ ಎಂದೆ. "ದುಡ್ಡಿಲ್ಲ ಅಂತ ಹಾಕಿದ್ದರಿಂದಲೇ ತಾನೇ ಇಷ್ಟೆಲ್ಲ ಆದದ್ದು?" ಎಂದು ಕೇಳಿದರು. ಇದನ್ನು ಮಾಡಿದ ಸಂಸ್ಥೆ ಯಾವುದು, ಒಳಗೆ ಏನಿದೆ ಎಂಬುದು ಯಾರು ಬೇಕಾದರೂ ನೋಡಬಹುದಾದಂತೆ ತೆರೆದಿದೆ, ಅದು ಹಾಗಲ್ಲ ಎಂದು ವಿವರಿಸಿದೆ. ಅವರಿಗೆ ಪೂರ್ತಿ ಒಪ್ಪಿಗೆಯಾದ ಹಾಗೆ ಕಾಣಲಿಲ್ಲ.

ಅರ್ಜಿಯನ್ನು ಆ ಕಂಪ್ಯೂಟರಿನಲ್ಲಿ ತುಂಬಲಿಲ್ಲ. ಫೋನಿನ ಹಾಟ್‌ಸ್ಪಾಟ್ ಹಾಕಿ ನನ್ನ ಲ್ಯಾಪ್‌ಟಾಪಿನಲ್ಲಿ ಕಳಿಸುವಾಗ ರಾತ್ರಿ ಹತ್ತೂವರೆ, ಬಂಟ್ವಾಳದ ಕೊನೆಯ ಬಸ್ಸು ಹೋಗಿಯಾಗಿತ್ತು. ಕಂಪ್ಯೂಟರ್ ಇನ್ನೂ ವಿಂಡೋಸ್ 10ರಲ್ಲಿದೆ. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿದಿದೆ, ಪ್ರೊಸೆಸರ್ ಹಳೆಯದಾದ್ದರಿಂದ 11ಕ್ಕೆ ಏರುವುದಿಲ್ಲ. ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿತ್ತು. ಫಾರ್ಮ್ಯಾಟ್ ಆದ ಮೇಲೆ ಅದನ್ನು ಮಾಡಿಸುವುದೋ, ಲಿನಕ್ಸ್ ಹಾಕುವುದೋ ಎಂದು ತಂಗಿ ಕೇಳುತ್ತಿದ್ದಾಳೆ. ಅವಳ ಪರೀಕ್ಷೆಯ ತಾಣಗಳೆಲ್ಲ ಬ್ರೌಸರಿನಲ್ಲೇ ನಡೆಯುತ್ತವೆ. ಲಿನಕ್ಸ್ ಆದೀತು ಎಂದಿದ್ದೇನೆ. ಪ್ರಿಂಟರ್ ಕೆಲಸ ಮಾಡುತ್ತದೆಯೇ ಎಂಬುದನ್ನು ಮಾತ್ರ ಭಾನುವಾರ ನೋಡಬೇಕು.